ಸಮ್ಮಿಲನ ಶಕ್ತಿಯೂ ನಮ್ಮ ಕರ್ತವ್ಯವೂ

ಫ್ರಾನ್ಸ್ ದೇಶದ ದಕ್ಷಿಣ ಭಾಗದ ಕಾದರಾಶ್ ಎಂಬ ಸ್ಥಳದಲ್ಲಿ ಭಾರತವೂ ಸೇರಿದಂತೆ ಏಳು ಪಕ್ಷಗಳವರು ಕೂಡಿ ಕಟ್ಟುತ್ತಿರುವ ‘ಈಟರ್’ ಎಂಬ ಮಹಾಯಂತ್ರದ ಸುದ್ದಿಯು ನಮ್ಮ ವಾಚಕರಿಗೆ ಹೊಸದಲ್ಲ. ಸೂರ್ಯನ ಗರ್ಭದಲ್ಲಿ ಅನಾದಿಯಿಂದ ನಡೆದುಬಂದಿರುವ ಕಾರ್ಯವನ್ನು ಭೂಮಿಯ ಮೇಲೆ ಮನುಷ್ಯನ ಹಿಡಿತದಲ್ಲಿ ನಡೆಯಿಸಿ, ಅದರಿಂದ ಶಕ್ತಿಯನ್ನು ಪಡೆಯುವುದು ಸಾಧ್ಯವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವುದೇ ಆ ಯಂತ್ರದ ಉದ್ದೇಶ. ೨೦೨೫ರಲ್ಲಿ ಅದು ಮೊದಲ ಬಾರಿಗೆ ಚಾಲನೆಗೆ ಬರುವುದೆಂದು ಹಿಂದೆ ಸಾರಿದ್ದರು. ೨೦೨೪ರಲ್ಲಿ ಆ ಲೆಕ್ಕವನ್ನು ತಿದ್ದಿ, ಪ್ರಯೋಗಗಳು ೨೦೩೪ರಲ್ಲಿ ಆರಂಭವಾಗುವುವೆಂದೂ, ನಿಜವಾದ ಇಂಧನವನ್ನು ಹಾಕಿ ಉರಿಸುವುದು ೨೦೩೯ರ ಮಾತೆಂದೂ ಪ್ರಕಟಿಸಿದರು.

ಈ ಮುಂದೂಡಿಕೆಯ ವಿಷಯವಾಗಿ ನಮ್ಮ ಊರಿನ ವಿದ್ಯಾವಂತರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದೆಲ್ಲವೂ ಬರಿಯ ಹಣದ ಪೋಲು, ಬಡದೇಶಕ್ಕೆ ಇಂಥ ಉಸಾಬರಿ ಯಾತಕ್ಕೆ ಎಂದು ಒಂದು ಪಂಗಡದವರು ಹೇಳುತ್ತಾರೆ. ಸಿರಿವಂತ ರಾಷ್ಟ್ರಗಳು ಎಂದಾದರೊಂದು ದಿನ ಅದನ್ನು ಸಾಧಿಸಿಯೇ ತೀರುವುವು, ಆಗ ನಾವೂ ಒಂದು ಯಂತ್ರವನ್ನು ಕೊಂಡು ತಂದರಾಯಿತು ಎಂದು ಇನ್ನೊಂದು ಪಂಗಡದವರು ನೆಮ್ಮದಿಯಾಗಿದ್ದಾರೆ. ಮೊದಲನೆಯ ಮಾತಿನಲ್ಲಿ ಎಷ್ಟೋ ಸತ್ಯವುಂಟು. ಅದಕ್ಕೆ ಉತ್ತರವೂ ಉಂಟು. ಎರಡನೆಯದು ಕೇಳಲು ಹಿತವಾಗಿದ್ದರೂ ದೇಶಕ್ಕೆ ಹೆಚ್ಚು ಕೇಡು ತರತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಯಾತಕ್ಕೆಂಬುದನ್ನು ವಿವರಿಸುವ ಮುನ್ನ ವಿಷಯವೇನೆಂಬುದನ್ನು ತಕ್ಕಮಟ್ಟಿಗೆ ತಿಳಿದುಕೊಳ್ಳುವುದು ಅವಶ್ಯ. ನಾವು ವಿಜ್ಞಾನಿಗಳಲ್ಲ, ಪಾಠಶಾಲೆಯ ಜಗಲಿಯಿಂದ ಮೆಟ್ರಿಕ್ಯುಲೇಷನ್ ಪರೀಕ್ಷೆಯವರೆಗೆ ನಡೆದುಬಂದವರು. ಆದರೂ ತೆರಿಗೆ ಕೊಡುವವನಿಗೆ ತನ್ನ ಹಣ ಯಾವ ಒಲೆಗೆ ಹೋಗುತ್ತಿದೆಯೆಂದು ತಿಳಿಯುವ ಹಕ್ಕಿದೆಯಷ್ಟೆ.

ಮೈಸೂರಿನ ಹೊರಗಿನ ರತ್ನಹಳ್ಳಿಯಲ್ಲಿ ಪರಮಾಣು ಶಕ್ತಿ ಇಲಾಖೆಯ ಕಾರ್ಖಾನೆಯಿರುವುದರಿಂದ ಪರಮಾಣುವೆಂಬ ಶಬ್ದವು ಇಲ್ಲಿಯವರಿಗೆ ಅಪರಿಚಿತವಾದುದಲ್ಲ. ಅಲ್ಲಿ ನಡೆಯುವುದು ಯುರೇನಿಯಮ್ಮಿನ ಕೆಲಸ; ಅದು ವಿದಳನ ಮಾರ್ಗಕ್ಕೆ ಸೇರಿದ್ದು. ಉತ್ತರ ಕನ್ನಡದ ಕೈಗಾದಲ್ಲಿ ೨೨೦ ಮೆಗಾವಾಟಿನ ನಾಲ್ಕು ಘಟಕಗಳು ವಿದ್ಯುತ್ತನ್ನು ಉತ್ಪತ್ತಿ ಮಾಡುತ್ತಿರುವುದೂ ಅದೇ ಮಾರ್ಗದಿಂದ, ಎಂದರೆ ಭಾರವಾದ ಪರಮಾಣುವಿನ ಬೀಜವನ್ನು ಒಡೆದು. ಸಮ್ಮಿಲನವು ಇದಕ್ಕೆ ವಿಪರೀತವಾದ ಕ್ರಿಯೆ. ಜಲಜನಕದ ಜಾತಿಗೆ ಸೇರಿದ ಎರಡು ಹಗುರವಾದ ಬೀಜಗಳನ್ನು, ಡ್ಯೂಟೀರಿಯಂ ಮತ್ತು ಟ್ರಿಟಿಯಂ ಎಂಬವುಗಳನ್ನು, ಒಂದಾಗಿ ಬೆಸೆದರೆ ಹೀಲಿಯಂ ಹುಟ್ಟುತ್ತದೆ, ಒಂದು ನ್ಯೂಟ್ರಾನು ಸಿಡಿಯುತ್ತದೆ, ಅಪಾರವಾದ ಶಕ್ತಿಯು ಹೊರಬೀಳುತ್ತದೆ. ಒಡೆಯುವ ವಿದ್ಯೆಯನ್ನು ಮನುಷ್ಯನು ಕಲಿತು ಎಂಟು ದಶಕಗಳು ಕಳೆದುವು. ಬೆಸೆಯುವ ವಿದ್ಯೆ ಬಾಂಬಿನಲ್ಲಿ ೧೯೫೨ರಲ್ಲಿಯೇ ಕೈಗೂಡಿತು. ಒಲೆಯಲ್ಲಿ ಇನ್ನೂ ಕೈಗೂಡಿಲ್ಲ. ಹಾಳುಮಾಡುವುದು ಸುಲಭ, ಅಡಿಗೆ ಮಾಡುವುದು ಕಷ್ಟ.

ಇದರಿಂದ ಆಗಬಹುದಾದ ಪ್ರಯೋಜನವು ಅಲ್ಪವಾದುದಲ್ಲ. ಡ್ಯೂಟೀರಿಯಂ ಎಂಬುದು ಸಾಮಾನ್ಯವಾದ ನೀರಿನಲ್ಲಿಯೇ ಇದೆ. ಒಂದು ಘನ ಮೀಟರು ನೀರಿನಲ್ಲಿ ಸುಮಾರು ೩೩ ಗ್ರಾಂ. ನಮ್ಮ ಕಾವೇರಿಯಲ್ಲಿಯೂ ಅದು ಹರಿಯುತ್ತಿದೆ. ಭಾರಜಲವನ್ನು ತಯಾರಿಸುವುದರಲ್ಲಿ ನಮ್ಮ ದೇಶವು ಪ್ರಪಂಚದ ಮುಂಚೂಣಿಯಲ್ಲಿರುವುದರಿಂದ ಅದನ್ನು ಬೇರ್ಪಡಿಸುವ ವಿದ್ಯೆಗೆ ನಾವು ಯಾರ ಮನೆಯ ಬಾಗಿಲಿಗೂ ಹೋಗಬೇಕಾಗಿಲ್ಲ. ಕಲ್ಲಿದ್ದಲಿನ ಹೊಗೆಯಿಲ್ಲ. ಯಂತ್ರವು ಕೆಟ್ಟರೆ ಉರಿಯು ತಾನಾಗಿಯೇ ಆರಿಹೋಗುವುದಲ್ಲದೆ, ಚೆರ್ನೋಬಿಲ್ಲಿನಲ್ಲಿ ೧೯೮೬ರಲ್ಲಿ ಆದಂತೆ ಕೈಮೀರಿ ಹೆಚ್ಚುವ ಸಂಭವವಿಲ್ಲ. ಸಹಸ್ರಾರು ವರ್ಷ ಕಾಯಬೇಕಾದ ಬೂದಿಯೂ ಇದರಲ್ಲಿ ಉಳಿಯುವುದಿಲ್ಲ. ಯಂತ್ರದ ಒಳಗೋಡೆಗಳು ಮಾತ್ರ ವಿಕಿರಣವನ್ನು ಹೊಂದುವುವು, ಅದು ಸುಮಾರು ನೂರು ವರ್ಷಗಳಲ್ಲಿ ಬಹುಮಟ್ಟಿಗೆ ಶಮನವಾಗುವಂತೆ ಲೋಹಗಳನ್ನು ಆರಿಸಬಹುದೆಂದು ತಜ್ಞರು ಹೇಳುತ್ತಾರೆ. ಇಂಗ್ಲೆಂಡಿನ ಕಲ್ಹಾಮ್ ಎಂಬಲ್ಲಿದ್ದ ಜೆಟ್ ಯಂತ್ರವು ತನ್ನ ಕಡೆಯ ಪ್ರಯೋಗಗಳಲ್ಲಿ, ೨೦೨೩ರಲ್ಲಿ, ೬೯ ಮೆಗಾಜೂಲಿನಷ್ಟು ಶಾಖವನ್ನು ಕೊಟ್ಟಿತು. ಅದಕ್ಕೆ ಖರ್ಚಾದ ಇಂಧನ ಒಂದು ಮಿಲಿಗ್ರಾಮಿನ ಐದನೆಯ ಒಂದು ಪಾಲು. ಅಷ್ಟೇ ಶಾಖಕ್ಕೆ ಎರಡು ಕಿಲೋ ಕಲ್ಲಿದ್ದಲು ಬೇಕಾಗುತ್ತದೆ. ಈ ಒಂದು ಸಂಗತಿಯನ್ನು ಕೇಳಿದ ಮೇಲೆ, ವಿಜ್ಞಾನಿಗಳು ಎಪ್ಪತ್ತು ವರ್ಷಗಳಿಂದ ಏತಕ್ಕೆ ಇದರ ಬೆನ್ನು ಹತ್ತಿದ್ದಾರೆಂಬುದು ಯಾರಿಗಾದರೂ ತಿಳಿಯುವುದು.

ಆದರೆ ಆ ೬೯ ಮೆಗಾಜೂಲುಗಳನ್ನು ನಮ್ಮ ಮನೆಗಳ ವಿದ್ಯುತ್ ಬಿಲ್ಲಿನ ಭಾಷೆಗೆ ತಂದರೆ ಎಷ್ಟಾಗುತ್ತದೆ? ಸುಮಾರು ೧೯ ಯೂನಿಟ್ಟು. ಅಗ್ರಹಾರದ ಒಂದು ಸಾಧಾರಣ ಸಂಸಾರಕ್ಕೆ ಕೆಲವು ದಿವಸಗಳಿಗಾಗುವಷ್ಟು. ಅದೂ ಬರಿಯ ಶಾಖ, ವಿದ್ಯುತ್ತಲ್ಲ. ಯಂತ್ರಕ್ಕೆ ಹಾಕಿದ ಶಕ್ತಿಯೋ ಇದಕ್ಕಿಂತ ಬಹು ಹೆಚ್ಚು. ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ ೨೦೨೨ರ ಡಿಸೆಂಬರ್ ೫ರಂದು ಲೇಸರು ಕಿರಣಗಳಿಂದ ಮಾಡಿದ ಪ್ರಯೋಗದಲ್ಲಿ ೨.೦೫ ಮೆಗಾಜೂಲುಗಳನ್ನು ಇಂಧನದ ಕಾಳಿಗೆ ಕೊಟ್ಟು ೩.೧೫ ಮೆಗಾಜೂಲುಗಳನ್ನು ಪಡೆದರೆಂಬ ವಾರ್ತೆ ಪ್ರಪಂಚದಲ್ಲೆಲ್ಲ ಹಬ್ಬಿತು. ಅದು ವಿಜ್ಞಾನದ ಇತಿಹಾಸದಲ್ಲಿ ಸ್ಮರಣೀಯವಾದ ದಿವಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲಾಭವಾಗಿ ಬಂದ ಶಕ್ತಿಯಿಂದ ಮೂರು ಲೀಟರು ನೀರನ್ನು ಕುದಿಸಬಹುದು; ಆ ಕಿರಣಗಳನ್ನು ಹುಟ್ಟಿಸಲು ತಂತಿಯಿಂದ ಎಳೆದುಕೊಂಡ ವಿದ್ಯುತ್ತು ಸುಮಾರು ೩೦೦ ಮೆಗಾಜೂಲು, ಎಂದರೆ ೮೦ ಯೂನಿಟ್ಟಿಗೂ ಮೇಲೆ. ಒಂದು ಕೊಳಗ ಕಾಫಿಗೆ ಒಂದು ಗಾಡಿ ಸೌದೆ ಸುಟ್ಟ ಹಾಗೆ. ಇಂಥ ವಾರ್ತೆಗಳನ್ನು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿ, ಈ ಎರಡನೆಯ ಲೆಕ್ಕವನ್ನು ಬಿಟ್ಟುಬಿಡುವ ವೃತ್ತಪತ್ರಿಕೆಗಳ ದೋಷವೂ ಸ್ವಲ್ಪವಲ್ಲ; ನಮ್ಮವರ ಪೈಕಿಯೇ ಕೆಲವರು ಆ ತಪ್ಪನ್ನು ಮಾಡಿದರೆಂದು ಒಪ್ಪಿಕೊಳ್ಳಬೇಕಾಗಿದೆ.

ಕಷ್ಟಗಳೇನೆಂಬುದನ್ನು ನೋಡೋಣ. ಸೂರ್ಯನಿಗೆ ತನ್ನ ಭಾರವೇ ಸಾಕು. ಆ ಒತ್ತಡದಲ್ಲಿ ಒಂದೂವರೆ ಕೋಟಿ ಡಿಗ್ರಿ ಶಾಖಕ್ಕೆ ಬೀಜಗಳು ಬೆಸೆದುಕೊಳ್ಳುತ್ತವೆ. ಭೂಮಿಯಲ್ಲಿ ಆ ಒತ್ತಡವಿಲ್ಲವಾದುದರಿಂದ ಅದರ ಹತ್ತರಷ್ಟು, ಹದಿನೈದು ಕೋಟಿ ಡಿಗ್ರಿ ಶಾಖವನ್ನು ಉಂಟುಮಾಡಬೇಕು. ಅಷ್ಟು ಕಾದುದನ್ನು ಯಾವ ಪಾತ್ರೆಯಲ್ಲಿಡುವುದು? ಪಾತ್ರೆಯ ಗೋಡೆಯನ್ನು ತಗಲಿದೊಡನೆ ಅದು ಆರಿಹೋಗುತ್ತದೆ, ಗೋಡೆಯೂ ಕೆಡುತ್ತದೆ. ಆದುದರಿಂದ ಉದ್ದಿನವಡೆಯ ಆಕಾರದ, ಗಾಳಿಯನ್ನು ತೆಗೆದ ಒಂದು ಪಾತ್ರೆಯೊಳಗೆ ಅದನ್ನು ಆಯಸ್ಕಾಂತ ಬಲದಿಂದ ಯಾವ ಕಡೆಗೂ ತಗಲದಂತೆ ತೂಗಿ ನಿಲ್ಲಿಸುತ್ತಾರೆ. ಇದಕ್ಕೆ ಟೋಕಮಾಕ್ ಎಂದು ಹೆಸರು. ಆ ಆಯಸ್ಕಾಂತಗಳನ್ನೋ ಸೊನ್ನೆಗಿಂತ ೨೬೯ ಡಿಗ್ರಿ ಕೆಳಗೆ ತಂಪಾಗಿಟ್ಟಿರಬೇಕು. ಕೆಲವೇ ಮೀಟರುಗಳ ಅಂತರದಲ್ಲಿ ಒಂದು ಕಡೆ ಸೂರ್ಯನನ್ನು ಮೀರಿದ ಬಿಸಿ, ಇನ್ನೊಂದು ಕಡೆ ಆಕಾಶದ ಶೂನ್ಯದಲ್ಲಿರುವಂಥ ಚಳಿ. ಫ್ರಾನ್ಸಿನ ಇನ್ನೊಂದು ಯಂತ್ರವಾದ ವೆಸ್ಟ್ ಎಂಬುದು ೨೦೨೫ರ ಫೆಬ್ರವರಿಯಲ್ಲಿ ಇಂಥ ಉರಿಯನ್ನು ೧,೩೩೭ ಸೆಕೆಂಡು, ಅಂದರೆ ೨೨ ನಿಮಿಷ ಹಿಡಿದು ನಿಲ್ಲಿಸಿತು. ಅದರಲ್ಲಿ ಸಮ್ಮಿಲನವಾಗಿ ಶಕ್ತಿ ಹುಟ್ಟಿತೆಂದಲ್ಲ. ಹಿಡಿದು ನಿಲ್ಲಿಸಿದ್ದೇ ಸಾಹಸ.

ಇದಕ್ಕಿಂತಲೂ ಬಿಡಿಸಲಾರದ ಗಂಟು ನ್ಯೂಟ್ರಾನುಗಳದ್ದು. ಹುಟ್ಟಿದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಇವೇ ಹೊತ್ತು ಓಡುತ್ತವೆ. ಆಯಸ್ಕಾಂತವು ಇವುಗಳನ್ನು ತಡೆಯಲಾರದು. ನೆಟ್ಟಗೆ ಹೋಗಿ ಗೋಡೆಗೆ ಬಡಿದು, ಉಕ್ಕಿನ ಅಣುಗಳನ್ನೇ ಸ್ಥಾನದಿಂದ ಕದಲಿಸಿ, ಕಾಲಕ್ರಮದಲ್ಲಿ ಲೋಹವನ್ನು ಪೆಡಸು ಮಾಡುತ್ತವೆ. ವರ್ಷಗಟ್ಟಲೆ ಈ ಹೊಡೆತವನ್ನು ತಾಳುವ ಲೋಹವು ಯಾವುದೆಂಬುದು ಇನ್ನೂ ತೀರ್ಮಾನವಾಗಿಲ್ಲ. ಏಕೆಂದರೆ ಅಂಥ ಹೊಡೆತವನ್ನು ಅಷ್ಟು ಕಾಲ ಕೊಟ್ಟು ಪರೀಕ್ಷಿಸುವ ಸಾಧನವೇ ಇನ್ನೂ ಸಿದ್ಧವಾಗಿಲ್ಲ. ಈ ಸಂದರ್ಭದಲ್ಲಿ ನಮ್ಮ ರಾಜ್ಯಕ್ಕೆ ಸೇರಿದ ಒಂದು ಸಂಗತಿಯನ್ನು ಹೇಳದಿರಲಾರೆವು. ಈಟರ್ ಯಂತ್ರದ ನಿರ್ವಾತ ಪಾತ್ರೆಗೆ ಎರಡು ಪದರಗಳ ಗೋಡೆಯುಂಟು. ನ್ಯೂಟ್ರಾನುಗಳು ಹೊರಗಿನ ಆಯಸ್ಕಾಂತಗಳನ್ನು ತಲಪದಂತೆ ಆ ಎರಡು ಪದರಗಳ ನಡುವೆ ಬೋರಾನು ಬೆರೆಸಿದ ಉಕ್ಕಿನ ಸುಮಾರು ೯,೦೦೦ ಗಟ್ಟಿಗಳನ್ನು ಜೋಡಿಸಬೇಕಾಗಿದೆ. ಒಂದೊಂದರ ಆಕಾರವೂ ಪಾತ್ರೆಯ ಬಾಗಿಗೆ ತಕ್ಕಂತೆ ಬೇರೆ ಬೇರೆ. ಅವುಗಳನ್ನು ತಯಾರಿಸಿದ್ದು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್ ಎಂಬ ಕಾರ್ಖಾನೆ. ಅಲ್ಲಿಂದ ಅವು ಕೊರಿಯಕ್ಕೂ ಯೂರೋಪಿಗೂ ಹೋಗಿ ಪಾತ್ರೆಯ ಭಾಗಗಳೊಳಗೆ ಸೇರಿದುವು. ಯಂತ್ರವು ಎಂದು ಉರಿದರೂ ಆ ಉರಿಗೂ ಹೊರಗಿನ ಲೋಕಕ್ಕೂ ನಡುವೆ ನಿಲ್ಲತಕ್ಕದ್ದು ಕನ್ನಡನಾಡಿನಲ್ಲಿ ಕೊರೆದ ಉಕ್ಕು. ನಮ್ಮ ಊರಿನಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಬೆಂಗಳೂರೆಂದರೆ ಕಂಪ್ಯೂಟರು ಕೂಲಿಯೆಂದು ಮಾತ್ರ ತಿಳಿದಿರುವ ಮಹಾಶಯರು ಇದನ್ನು ಸ್ವಲ್ಪ ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಮೂರನೆಯ ಕಷ್ಟವು ಟ್ರಿಟಿಯಮ್ಮಿನದು. ಡ್ಯೂಟೀರಿಯಂ ನೀರಿನಲ್ಲಿ ಬೇಕಾದಷ್ಟುಂಟು, ನಿಜ. ಆದರೆ ಟ್ರಿಟಿಯಂ ಪ್ರಕೃತಿಯಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅದರಲ್ಲಿ ಅರ್ಧ ತಾನಾಗಿಯೇ ಕರಗಿಹೋಗುವುದರಿಂದ ಕಣಜದಲ್ಲಿಟ್ಟು ಕಾಯುವ ಹಾಗೂ ಇಲ್ಲ. ಸಾವಿರ ಮೆಗಾವಾಟು ಸಮ್ಮಿಲನ ಶಾಖವನ್ನು ಒಂದು ವರ್ಷ ಎಡೆಬಿಡದೆ ಪಡೆಯಬೇಕಾದರೆ ಸುಮಾರು ೫೫ ಕಿಲೋ ಟ್ರಿಟಿಯಂ ಬೇಕು. ಶಾಂತಿಕಾರ್ಯಗಳಿಗೆ ದೊರೆಯತಕ್ಕ ಪ್ರಪಂಚದ ಸಂಗ್ರಹವೆಲ್ಲ ಸೇರಿ ಮೂವತ್ತು ಕಿಲೋಗಳ ಆಸುಪಾಸಿನಲ್ಲಿದೆಯೆಂದು ಎಣಿಸುತ್ತಾರೆ. ಅದರಲ್ಲಿ ಬಹುಭಾಗ ಕೆನಡಾ ದೇಶದ ಭಾರಜಲದ ರಿಯಾಕ್ಟರುಗಳಲ್ಲಿ ಹುಟ್ಟಿದ್ದು. ನಮ್ಮ ಕೈಗಾ ಸ್ಥಾವರವೂ ಭಾರಜಲದ ಜಾತಿಯದೇ ಆದುದರಿಂದ ಅಲ್ಲಿಯ ಭಾರಜಲದಲ್ಲಿಯೂ ಟ್ರಿಟಿಯಂ ಸೇರುತ್ತ ಬರುತ್ತದೆ. ೨೦೦೯ರ ನವೆಂಬರಿನಲ್ಲಿ ಅಲ್ಲಿ ನೌಕರರು ಕುಡಿಯುವ ನೀರಿನ ಕೂಲರಿಗೆ ಅಂಥ ಭಾರಜಲವು ಸೇರಿ, ಹಲವರ ದೇಹದಲ್ಲಿ ಟ್ರಿಟಿಯಂ ಕಂಡುಬಂದದ್ದೂ, ಯಾರೋ ಬೇಕೆಂದೇ ಮಾಡಿದ ದುಷ್ಕಾರ್ಯವೆಂದು ಅಧಿಕಾರಿಗಳು ಹೇಳಿದ್ದೂ ವಾಚಕರ ನೆನಪಿನಲ್ಲಿರಬಹುದು. ಸಮ್ಮಿಲನ ಶಕ್ತಿಯು ಸರ್ವಥಾ ನಿರಪಾಯವೆಂದು ಹೊಗಳುವವರು ಈ ವಸ್ತುವನ್ನು ಕಿಲೋಗಟ್ಟಲೆ ನಿರ್ವಹಿಸಬೇಕಾಗುತ್ತದೆಂಬುದನ್ನು ಮರೆಯಲಾಗದು.

ಹಾಗಾದರೆ ಟ್ರಿಟಿಯಂ ಎಲ್ಲಿಂದ ಬರಬೇಕು? ಯಂತ್ರವೇ ಅದನ್ನು ಹೆರಬೇಕು. ಪಾತ್ರೆಯ ಸುತ್ತಲೂ ಲಿಥಿಯಂ ಲೋಹದ ಹೊದಿಕೆಯಿಟ್ಟರೆ ನ್ಯೂಟ್ರಾನುಗಳು ಅದಕ್ಕೆ ಬಡಿದು ಟ್ರಿಟಿಯಂ ಹುಟ್ಟುತ್ತದೆ. ಸುಟ್ಟದ್ದಕ್ಕಿಂತ ಹೆಚ್ಚು ಹುಟ್ಟಿದರೆ ಸಂಸಾರ ಸಾಗುವುದು, ಕಡಮೆಯಾದರೆ ನಿಲ್ಲುವುದು. ಈ ಕ್ರಿಯೆಯನ್ನು ಪೂರ್ಣ ಪ್ರಮಾಣದಲ್ಲಿ ಯಾರೂ ಈವರೆಗೆ ಮಾಡಿ ತೋರಿಸಿಲ್ಲ. ನಮ್ಮ ವಿಜ್ಞಾನಿಗಳು ಸೀಸವನ್ನೂ ಲಿಥಿಯಮ್ಮನ್ನೂ ಬೆರೆಸಿದ ದ್ರವದಿಂದ ಇದನ್ನು ಸಾಧಿಸುವ ತಮ್ಮದೇ ಆದ ಕ್ರಮವೊಂದನ್ನು ರೂಪಿಸಿದ್ದುಂಟು. ಲಿಥಿಯಮ್ಮೆಂದೊಡನೆ ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಮಾತು ಬರುತ್ತದೆ. ಅಲ್ಲಿಯ ಮಾರ್ಲಗಲ್ಲ, ಅಲ್ಲಾಪಟ್ಟಣದ ಸುತ್ತ ಪರಮಾಣು ಖನಿಜ ನಿರ್ದೇಶನಾಲಯದವರು ಸರ್ವೇ ಮಾಡಿ, ೧,೬೦೦ ಟನ್ನಿನಷ್ಟು ಲಿಥಿಯಂ ಇರಬಹುದೆಂದು ೨೦೨೧ರಲ್ಲಿ ತಿಳಿಸಿದರು. ಮೋಟಾರು ಬಂಡಿಗಳ ಬ್ಯಾಟರಿಗೆ ಆ ಮೊತ್ತ ಅತ್ಯಲ್ಪವೆಂದು ಅನೇಕರು ಮೂಗು ಮುರಿದರು. ಸಮ್ಮಿಲನದ ಯಂತ್ರಕ್ಕಾದರೋ ಟನ್ನುಗಳ ಲೆಕ್ಕ ಬೇರೆಯೇ ಆಗಿರುತ್ತದೆ. ಹೀಗೆಂದು ಮಾರ್ಲಗಲ್ಲದ ಹೊಲಗಳನ್ನು ಈಗಲೇ ಅಗೆಯಬೇಕೆಂದು ನಾವು ಹೇಳುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಅಭ್ಯಾಸವಲ್ಲ. ಅಲ್ಲಿರುವುದೇನೆಂಬುದನ್ನು ಮರೆಯದಿದ್ದರೆ ಸಾಕು.

ಇನ್ನು ಕಾಲದ ಮಾತು. ೧೯೫೫ರಲ್ಲಿ ಜಿನೀವಾ ನಗರದಲ್ಲಿ ನಡೆದ ಪರಮಾಣು ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದವರು ನಮ್ಮ ಹೋಮಿ ಭಾಭಾ ಅವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿಯೇ ಇದ್ದು ಕೆಲಸ ಮಾಡಿದ ಮಹಾನುಭಾವರು. ಇನ್ನು ಎರಡು ದಶಕಗಳೊಳಗಾಗಿ ಸಮ್ಮಿಲನ ಶಕ್ತಿಯನ್ನು ಹಿಡಿತದಲ್ಲಿ ಬಿಡುಗಡೆ ಮಾಡುವ ಮಾರ್ಗವು ದೊರೆಯುವುದೆಂದು ಅವರು ಆ ಸಭೆಯಲ್ಲಿ ಧೈರ್ಯವಾಗಿ ನುಡಿದರು. ಆ ಎರಡು ದಶಕಗಳು ೧೯೭೫ಕ್ಕೆ ಮುಗಿದುವು. ಈಟರ್ ಒಪ್ಪಂದಕ್ಕೆ ೨೦೦೬ರಲ್ಲಿ ಸಹಿಯಾದಾಗ ಐನೂರು ಕೋಟಿ ಯೂರೋ ಎಂದಿದ್ದ ಖರ್ಚು ಈಗ ಎರಡು ಸಾವಿರ ಕೋಟಿಯನ್ನು ದಾಟಿದೆ. ೨೦೨೨ರಲ್ಲಿ ಪಾತ್ರೆಯ ಭಾಗಗಳ ಅಂಚುಗಳು ಅಳತೆಗೆ ಕೂಡದಿರುವುದೂ, ತಂಪಿನ ಕೊಳವೆಗಳಲ್ಲಿ ಬಿರುಕುಗಳಿರುವುದೂ ಪತ್ತೆಯಾಗಿ, ಗುಂಡಿಗೆ ಇಳಿಸಿದ್ದ ಭಾಗವನ್ನು ಮತ್ತೆ ಮೇಲಕ್ಕೆತ್ತಿ ದುರಸ್ತಿ ಮಾಡಬೇಕಾಯಿತು. ಈ ಮಧ್ಯೆ ಅಮೆರಿಕದ ಖಾಸಗಿ ಕಂಪನಿಯೊಂದು ೨೦೨೮ರಲ್ಲಿಯೇ ಸಮ್ಮಿಲನದ ವಿದ್ಯುತ್ತನ್ನು ಒದಗಿಸುವೆನೆಂದು ಮೈಕ್ರೋಸಾಫ್ಟಿನವರೊಡನೆ ೨೦೨೩ರಲ್ಲಿ ಕರಾರು ಮಾಡಿಕೊಂಡಿದೆ. ಅವರ ಧೈರ್ಯವನ್ನು ಮೆಚ್ಚುತ್ತೇವೆ. ಆದರೆ ಆ ಕರಾರನ್ನು ನಂಬಿ ಮನೆಯ ಲಾಂದ್ರವನ್ನು ಮಾರಿಕೊಳ್ಳಿರೆಂದು ಯಾರಿಗೂ ಸಲಹೆ ಕೊಡಲಾರೆವು.

ಇಷ್ಟೆಲ್ಲ ತಿಳಿದ ಮೇಲೆ ಹಣದ ಪೋಲೆಂದು ಹೇಳುವವರ ಪಕ್ಷವೇ ಗೆದ್ದಂತಾಗಲಿಲ್ಲವೇ ಎಂದು ಕೇಳಬಹುದು. ನಮ್ಮ ಸಂಸ್ಥಾನದ ಚರಿತ್ರೆಯನ್ನೇ ಒಮ್ಮೆ ತಿರುವಿಹಾಕೋಣ. ದಿವಾನ್ ಶೇಷಾದ್ರಿ ಅಯ್ಯರವರು ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ತೆಗೆದು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸುವ ಯೋಜನೆಯನ್ನು ಕೈಗೊಂಡಾಗ, ಅಷ್ಟು ಉದ್ದದ ತಂತಿಯು ಪ್ರಪಂಚದಲ್ಲಿಯೇ ಅಪರೂಪವಾಗಿತ್ತು. ಯೋಜನೆಯನ್ನು ಹೊತ್ತ ದಿವಾನರು ೧೯೦೧ರಲ್ಲಿ ಕಾಲವಾದರು. ವಿದ್ಯುತ್ತು ಹರಿದದ್ದು ೧೯೦೨ರ ಜೂನ್ ತಿಂಗಳಲ್ಲಿ. ತಾವು ಕಾಣದ ಫಲಕ್ಕಾಗಿ ಬೊಕ್ಕಸದ ಹಣವನ್ನು ಹಾಕುವ ಎದೆಗಾರಿಕೆ ಆ ಕಾಲದ ಅಧಿಕಾರಿಗಳಿಗಿತ್ತೆಂಬುದನ್ನು ಇಂದಿನವರು ಗಮನಿಸಬೇಕು.

ಆದರೆ ಆ ಕಥೆಗೆ ಇನ್ನೊಂದು ಮುಖವುಂಟು. ಅದನ್ನು ಉತ್ಸವಗಳ ಭಾಷಣಗಳಲ್ಲಿ ಹೇಳುವುದಿಲ್ಲ. ಚಕ್ರಗಳು ಸ್ವಿಟ್ಜರ್ಲೆಂಡಿನಿಂದ ಬಂದುವು, ವಿದ್ಯುದ್ಯಂತ್ರಗಳು ಅಮೆರಿಕದಿಂದ ಬಂದುವು. ನೀರು ನಮ್ಮದು, ಬಂಡೆ ನಮ್ಮದು, ಕೂಲಿ ನಮ್ಮದು. ವಿದ್ಯೆ ಮಾತ್ರ ಅವರದು. ಮೊದಲ ಬೆಳಕು ಯಾರಿಗೆ ಬಂತು? ಇಂಗ್ಲಿಷ್ ಕಂಪನಿಗಳ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ೧೯೦೫ರಲ್ಲಿ, ನಮ್ಮ ಮೈಸೂರಿಗೆ ೧೯೦೮ರಲ್ಲಿ. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿಹೋದುವು; ಅಲ್ಲಿಯ ಚಿನ್ನವು ಎಲ್ಲಿಗೆ ಹೋಯಿತೆಂಬುದನ್ನು ಯಾರೂ ಕೇಳಬೇಕಾಗಿಲ್ಲ. ಮೇಲಾಗಿ, ಯಂತ್ರವನ್ನು ನಿಲ್ಲಿಸಿದ ಮಾತ್ರಕ್ಕೆ ಕಷ್ಟ ತೀರಲಿಲ್ಲ. ಬೇಸಗೆಯಲ್ಲಿ ಕಾವೇರಿಯು ಸೊರಗಿದಾಗ ವಿದ್ಯುತ್ತೂ ಸೊರಗುತ್ತಿತ್ತು. ಆ ಕೊರತೆಯನ್ನು ತುಂಬಲು ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಬೇಕಾಯಿತು. ಮದರಾಸಿನವರೊಡನೆ ವ್ಯಾಜ್ಯವಾಡಿ ೧೯೨೪ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆದರೆ ಕನ್ನಂಬಾಡಿಯ ವೇಳೆಗೆ ವಿಶ್ವೇಶ್ವರಯ್ಯನವರಿದ್ದರು, ಅವರ ಕೈಕೆಳಗೆ ಪಳಗಿದ ನಮ್ಮ ಇಂಜಿನಿಯರುಗಳಿದ್ದರು, ಪರದೇಶದ ಸಿಮೆಂಟಿಗೆ ಬದಲಾಗಿ ನಮ್ಮ ಸುರ್ಕಿ ಗಾರೆಯಿತ್ತು. ಶಿವನಸಮುದ್ರಕ್ಕೂ ಕನ್ನಂಬಾಡಿಗೂ ನಡುವಣ ಈ ಒಂದು ವ್ಯತ್ಯಾಸವೇ ನಮ್ಮ ಇಂದಿನ ವಾದದ ತಿರುಳು.

ಹೋಲಿಕೆಯನ್ನು ಅಳತೆ ಮೀರಿ ಎಳೆಯಲಾಗದೆಂಬುದನ್ನೂ ಒಪ್ಪುತ್ತೇವೆ. ಶೇಷಾದ್ರಿ ಅಯ್ಯರವರು ಕೈಹಾಕಿದ ವೇಳೆಗೆ ನಯಾಗರಾ ಜಲಪಾತದಲ್ಲಿ ವಿದ್ಯುತ್ತು ಹುಟ್ಟಿ ಕೆಲವು ವರ್ಷಗಳಾಗಿದ್ದುವು. ವಿದ್ಯೆಯು ಸಿದ್ಧವಾಗಿತ್ತು, ಧೈರ್ಯವೊಂದು ಬೇಕಾಗಿತ್ತು. ಸಮ್ಮಿಲನದಲ್ಲಿ ವಿದ್ಯೆಯೇ ಇನ್ನೂ ಸಿದ್ಧವಾಗಿಲ್ಲ. ಆದುದರಿಂದಲೇ ಇದು ಯಂತ್ರವನ್ನು ಕೊಳ್ಳುವ ಕಾಲವಲ್ಲ, ವಿದ್ಯೆಯನ್ನು ಕಲಿಯುವ ಕಾಲ. ಕಲಿಯಲು ನಮಗೆ ದೊರೆತಿರುವಂಥ ಸಂದರ್ಭವು ಪದೇ ಪದೇ ದೊರೆಯತಕ್ಕದ್ದಲ್ಲ. ಈಟರ್ ಒಪ್ಪಂದದಲ್ಲಿ ಭಾರತದ ಪಾಲು ಹನ್ನೊಂದರಲ್ಲಿ ಒಂದು, ಎಂದರೆ ನೂರಕ್ಕೆ ಒಂಬತ್ತು ಚಿಲ್ಲರೆ. ಅದರಲ್ಲಿಯೂ ಬಹುಭಾಗವನ್ನು ನಗದಾಗಿ ಕೊಡದೆ ಸಾಮಾನುಗಳಾಗಿ ಕೊಡುತ್ತೇವೆ. ಅಂದರೆ ಹಣವು ನಮ್ಮ ಕಾರ್ಖಾನೆಗಳಲ್ಲಿಯೇ ಉಳಿಯುತ್ತದೆ, ಕೈಗಳೂ ಪಳಗುತ್ತವೆ. ಯಂತ್ರವನ್ನೆಲ್ಲ ಒಳಗೊಳ್ಳುವ ಹೊರಪಾತ್ರೆಯನ್ನು, ಸುಮಾರು ೩,೮೦೦ ಟನ್ನು ತೂಕದ್ದನ್ನು, ಗುಜರಾತಿನ ಹಜೀರಾದಲ್ಲಿ ಲಾರ್ಸನ್ ಅಂಡ್ ಟೂಬ್ರೋ ಕಾರ್ಖಾನೆಯವರು ತಯಾರಿಸಿ ಕಳುಹಿಸಿದರು. ಕೊಡುವುದು ಹನ್ನೊಂದರಲ್ಲಿ ಒಂದಾದರೂ ಪ್ರಯೋಗದಿಂದ ದೊರೆಯುವ ಜ್ಞಾನದಲ್ಲಿ ಎಲ್ಲ ಪಕ್ಷಗಳಿಗೂ ಪೂರ್ಣ ಹಕ್ಕುಂಟು. ವ್ಯಾಪಾರಿಯ ದೃಷ್ಟಿಯಿಂದ ನೋಡಿದರೂ ಇದು ಕೆಟ್ಟ ವ್ಯಾಪಾರವಲ್ಲ.

ಕೊರತೆಯಿರುವುದು ಬೇರೊಂದು ಕಡೆಯಲ್ಲಿ. ಹಕ್ಕು ಕಾಗದದ ಮೇಲಿದ್ದರೆ ಪ್ರಯೋಜನವೇನು? ಆ ಜ್ಞಾನವನ್ನು ಹೊತ್ತು ತರಬಲ್ಲ ಜನರು ಬೇಕು. ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನ ಸಂಸ್ಥೆಯಲ್ಲಿ ೧೯೮೯ರಿಂದ ‘ಆದಿತ್ಯ’ವೆಂಬ ಸ್ವದೇಶೀ ಟೋಕಮಾಕ್ ನಡೆದುಬಂದಿತು. ಅದರ ತರುವಾಯ ೨೦೧೩ರಲ್ಲಿ ಚಾಲನೆಗೆ ಬಂದ ಎಸ್‌ಎಸ್‌ಟಿ-೧ ಎಂಬುದನ್ನು ಸಾವಿರ ಸೆಕೆಂಡುಗಳ ಉರಿಗೆಂದು ರೂಪಿಸಿದ್ದರು. ಅದರಲ್ಲಿ ಉರಿಯು ನಿಂತಿರುವುದು ಒಂದು ಸೆಕೆಂಡಿಗೂ ಕಡಮೆ. ವಿಜ್ಞಾನಿಗಳನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಅಲ್ಪಹಣದಲ್ಲಿ ಅಲ್ಪಸಂಖ್ಯೆಯ ಜನರು ಮಾಡಿರುವುದೇ ಬಹಳ. ಚೀನದವರ ಯಂತ್ರವು ೨೦೨೫ರ ಜನವರಿಯಲ್ಲಿ ಸಾವಿರ ಸೆಕೆಂಡುಗಳನ್ನು ದಾಟಿತು. ಆ ದೇಶವೂ ನಮ್ಮಂತೆಯೇ ಈಟರಿನ ಹನ್ನೊಂದನೆಯ ಒಂದು ಪಾಲಿನ ಸದಸ್ಯ. ಅದೇ ಪಾಲನ್ನು ಕೊಟ್ಟು ಅವರು ತಂದುಕೊಂಡದ್ದೆಷ್ಟು, ನಾವು ತಂದುಕೊಂಡದ್ದೆಷ್ಟು ಎಂಬುದು ದೆ‌ಹಲಿಯ ಅಧಿಕಾರಿಗಳು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ೨೦೨೫–೨೬ರ ಮುಂಗಡ ಪತ್ರದಲ್ಲಿ ಚಿಕ್ಕ ವಿದಳನ ರಿಯಾಕ್ಟರುಗಳಿಗೆಂದು ೨೦,೦೦೦ ಕೋಟಿ ರೂಪಾಯಿಗಳನ್ನು ಸಾರಿದರು. ಅದು ಬೇಡವೆನ್ನುವುದಿಲ್ಲ, ಈ ತಲೆಮಾರಿಗೆ ಅದು ಬೇಕಾದದ್ದೇ. ಅದರ ಪಕ್ಕದಲ್ಲಿ ಮುಂದಿನ ತಲೆಮಾರಿನ ವಿದ್ಯೆಗೂ ಒಂದು ಎಲೆ ಹಾಕಬೇಕಷ್ಟೆ.

ದೆಹಲಿಯನ್ನು ದೂರುವುದು ಸುಲಭ. ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾದದ್ದು ಗುಮಾಸ್ತೆಗಳನ್ನು ತಯಾರಿಸುವುದಕ್ಕಾಗಿ ಅಲ್ಲ. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುವುದು ಯಾರಿಗೂ ಗುಟ್ಟಲ್ಲ. ಮಾನಸಗಂಗೋತ್ರಿಯಲ್ಲಿ ಪ್ಲಾಸ್ಮಾ ಶಾಸ್ತ್ರಕ್ಕೆಂದೇ ಒಂದು ಪೀಠವೂ, ಅದಕ್ಕೆ ಸೇರಿದಂತೆ ಹತ್ತು ಮಂದಿ ವಿದ್ಯಾರ್ಥಿಗಳಿಗೆ ವೇತನವೂ ಏರ್ಪಟ್ಟರೆ, ಅದಕ್ಕೆ ತಗಲುವ ಖರ್ಚು ನಮ್ಮ ರಸ್ತೆಗಳ ಒಂದು ಮೈಲಿ ಡಾಮರಿನ ಖರ್ಚನ್ನು ಬಹಳವಾಗಿ ಮೀರದೆಂದು ಭಾವಿಸುತ್ತೇವೆ. ಕೇವಲ ಶಾಸ್ತ್ರಜ್ಞರಿಂದಲೂ ಈ ಕಾರ್ಯ ಆಗತಕ್ಕದ್ದಲ್ಲ. ಈಟರಿನಲ್ಲಿ ಕೆಲಸವನ್ನು ನಿಲ್ಲಿಸಿದ್ದು ಸಮೀಕರಣವಲ್ಲ, ಬೆಸುಗೆ ಮತ್ತು ಅಳತೆ. ಕೂದಲೆಳೆಯ ತಪ್ಪಿಲ್ಲದೆ ಬೆಸುಗೆ ಹಾಕುವವನು, ಸೋರದಂತೆ ಗಾಳಿಯನ್ನು ತೆಗೆದು ಪಾತ್ರೆಯನ್ನು ಮುಚ್ಚುವವನು, ಅತಿಶೀತದ ಕೊಳವೆಗಳನ್ನು ಕಾಯುವವನು, ಇವರೆಲ್ಲ ಪಾಲಿಟೆಕ್ನಿಕ್ಕುಗಳಿಂದಲೂ ಐಟಿಐಗಳಿಂದಲೂ ಬರತಕ್ಕವರು. ನಮ್ಮ ಮೈಸೂರಿನಲ್ಲಿ ಯಂತ್ರಗಳ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಕೈ ಚುರುಕಾದ ಹುಡುಗರಿಗೂ ಕೊರತೆಯಿಲ್ಲ. ಈ ವಿದ್ಯೆಗಳು ಸಮ್ಮಿಲನವು ಕೈಗೂಡಲಿ ಬಿಡಲಿ, ಆಸ್ಪತ್ರೆಯ ಯಂತ್ರಗಳಲ್ಲಿ, ಆಕಾಶಯಾನದಲ್ಲಿ, ಚಿಪ್ಪುಗಳ ತಯಾರಿಕೆಯಲ್ಲಿ ಅನ್ನ ಕೊಡತಕ್ಕವು. ಹಣದ ಪೋಲೆಂದು ಹೇಳುವವರಿಗೆ ನಮ್ಮ ಉತ್ತರವು ಇದೇ.

ಇನ್ನೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಗಾಂಧಿನಗರದ ವಿಜ್ಞಾನಿಗಳು ೨೦೨೫ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಎಲ್ಲವೂ ಸಾಗಿದರೂ ನಮ್ಮ ದೇಶದ ಪ್ರಾತ್ಯಕ್ಷಿಕೆ ಸ್ಥಾವರವು ಸಿದ್ಧವಾಗುವುದು ೨೦೬೦ರ ಸುಮಾರಿಗೆ, ಅದೂ ೨೫೦ ಮೆಗಾವಾಟಿನದು. ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಯ ಒಣನೆಲದ ಮೇಲೆ, ರೈತರಿಂದ ಗುತ್ತಿಗೆಗೆ ಪಡೆದು, ಅದರ ಎಂಟರಷ್ಟು, ಎಂದರೆ ೨,೦೫೦ ಮೆಗಾವಾಟಿನ ಸೌರ ಸ್ಥಾವರವನ್ನು ಈಗಾಗಲೇ ನಿಲ್ಲಿಸಿದ್ದೇವೆ. ಅದಕ್ಕೆ ಇಂಧನ ಒದಗಿಸುವುದೂ ಸಮ್ಮಿಲನವೇ. ಯಂತ್ರವು ಮಾತ್ರ ಒಂಬತ್ತೂ ಕಾಲು ಕೋಟಿ ಮೈಲಿ ದೂರದಲ್ಲಿದೆ, ರಾತ್ರಿಯ ಹೊತ್ತು ಕಾಣುವುದಿಲ್ಲ. ಆದುದರಿಂದ ಯಾವ ಮಂತ್ರಿಯಾದರೂ ವಿದ್ಯುತ್ತಿನ ಕಡಿತಕ್ಕೂ ಹೊಗೆಗೂ ಉತ್ತರ ಹೇಳಬೇಕಾದಾಗ ಸಮ್ಮಿಲನದ ಕನಸನ್ನು ಮುಂದಿಟ್ಟರೆ ಪ್ರಜೆಗಳು ಅದನ್ನು ಒಪ್ಪಲಾಗದು. ಈ ದಶಕದ ದೀಪಕ್ಕೆ ಎಣ್ಣೆಯನ್ನು ಈ ದಶಕದಲ್ಲಿಯೇ ಹುಡುಕಬೇಕು. ಸಮ್ಮಿಲನವನ್ನು ವಿದ್ಯಾಭ್ಯಾಸದ ಲೆಕ್ಕದಲ್ಲಿ ಬರೆಯಬೇಕೇ ಹೊರತು ವಿದ್ಯುಚ್ಛಕ್ತಿಯ ಲೆಕ್ಕದಲ್ಲಿ ಬರೆಯಕೂಡದು.

ಈಟರಿಗೆ ನಾವು ಒಪ್ಪಿದ ಸಾಮಾನೂ ಹಣವೂ ಸಕಾಲದಲ್ಲಿ ಸಲ್ಲುವಂತೆ ಕೇಂದ್ರ ಸರ್ಕಾರದವರು ನೋಡಿಕೊಳ್ಳಬೇಕು; ತಡವಾಗಿ ಕೊಟ್ಟವನಿಗೆ ಸಭೆಯಲ್ಲಿ ಹಿಂದಿನ ಸಾಲಿನ ಆಸನ. ಅಲ್ಲಿಗೆ ಹೋಗಿಬರುವ ನಮ್ಮ ಯುವಕ ಯುವತಿಯರ ಸಂಖ್ಯೆಯನ್ನು ಹೆಚ್ಚಿಸಬೇಕು, ಹಿಂದಿರುಗಿದವರಿಗೆ ಇಲ್ಲಿ ಕೆಲಸವಿರಬೇಕು. ನಮ್ಮ ರಾಜ್ಯ ಸರ್ಕಾರದವರು ಬರುವ ಮುಂಗಡ ಪತ್ರದಲ್ಲಿ ಮಾನಸಗಂಗೋತ್ರಿಯ ಪೀಠಕ್ಕೂ, ಒಂದೆರಡು ಪಾಲಿಟೆಕ್ನಿಕ್ಕುಗಳಲ್ಲಿ ನಿರ್ವಾತ ಮತ್ತು ಅತಿಶೀತ ವಿದ್ಯೆಯ ತರಗತಿಗಳಿಗೂ ಹಣವನ್ನು ತೆಗೆದಿಡಬೇಕೆಂದು ಬಿನ್ನವಿಸುತ್ತೇವೆ. ೨೦೩೯ರಲ್ಲಿ ಕಾದರಾಶಿನ ಯಂತ್ರಕ್ಕೆ ಇಂಧನವನ್ನು ಹಾಕುವ ದಿನ ಅದರ ಮುಂದೆ ನಿಂತಿರಬೇಕಾದ ಇಂಜಿನಿಯರು ಇಂದು ಮೈಸೂರಿನ ಯಾವುದೋ ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ ಕುಳಿತಿದ್ದಾನೆ, ಅಥವಾ ಕುಳಿತಿದ್ದಾಳೆ. ಆ ತರಗತಿಗೆ ವಿಜ್ಞಾನದ ಮೇಷ್ಟರು ಇದ್ದಾರೆಯೇ ಎಂಬುದನ್ನು ವಿದ್ಯಾ ಇಲಾಖೆಯವರು ಈ ವಾರವೇ ವಿಚಾರಿಸಬಹುದು.